ನಕ್ಷತ್ರಗಳ ಆಯುಸ್ಸು ಓದಿದ ವೇಣು ಬಾಪು

ನಮ್ಮ ಕಡೆಯ ಮಕ್ಕಳಿಗೆ ನಕ್ಷತ್ರಗಳ ಹೆಸರು ಮೊದಲು ಸಿಗುವುದು ಆಕಾಶದಿಂದಲ್ಲ, ಮಳೆಯಿಂದ. ರೋಹಿಣಿ ಮಳೆ ಬಂತೇ, ಮೃಗಶಿರ ಕೈಕೊಟ್ಟಿತೇ, ಆರಿದ್ರೆಗಾದರೂ ಕಡ್ಲೆಕಾಯಿ ಬಿತ್ತನೆ ಆದೀತೇ ಎಂಬ ಮಾತನ್ನು ಲೇಪಾಕ್ಷಿ, ಹಿಂದೂಪುರ, ಮಡಕಶಿರಾ, ಕಲ್ಯಾಣದುರ್ಗದ ಸುತ್ತಿನ ಹಳ್ಳಿಗಳಲ್ಲಿ ಕೇಳದೆ ಬೆಳೆದ ಮಗು ಇಲ್ಲ. ಆದರೆ ಆ ರೋಹಿಣಿ ಆಕಾಶದಲ್ಲಿ ಎಲ್ಲಿದೆ, ಆರಿದ್ರೆ ಯಾವ ಬಣ್ಣದ್ದು ಎಂದು ಕೇಳಿದರೆ ಹತ್ತನೇ ತರಗತಿಯ ಜಾಣ ಮಗುವೂ ತಲೆ ಕೆರೆದುಕೊಳ್ಳುತ್ತದೆ. ಹೆಸರು ಮನೆಯಲ್ಲಿದೆ, ವಸ್ತು ಮೇಲಿದೆ. ನಡುವಿನ ದಾರಿ ತೋರಿಸುವವರು ಬೇಕು.

ಆ ದಾರಿಯನ್ನು ಜೀವಮಾನವಿಡೀ ನಡೆದವರೊಬ್ಬರ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಅವರು ಖಗೋಳ ವಿಜ್ಞಾನಿ ವೇಣು ಬಾಪು. ಪೂರ್ತಿ ಹೆಸರು ಮನಾಲಿ ಕಲ್ಲಾಟ್ ವೇಣು ಬಾಪು. ಅವರು ಕಟ್ಟಿದ ಸಂಸ್ಥೆ ಬೆಂಗಳೂರಿನ ಕೋರಮಂಗಲದಲ್ಲಿದೆ. ಅವರ ಕಾಲದಲ್ಲೇ ಆರಂಭವಾದ ರೇಡಿಯೋ ದೂರದರ್ಶಕ ಗೌರಿಬಿದನೂರಿನ ಬಳಿ ಇದೆ. ಹಿಂದೂಪುರದಲ್ಲಿ ಬೆಂಗಳೂರಿನ ರೈಲು ಹತ್ತುವವರು ದಾರಿಯಲ್ಲಿ ಆ ಊರನ್ನು ದಾಟಿಯೇ ಹೋಗುತ್ತಾರೆ. ಇಷ್ಟು ಹತ್ತಿರ ಇದ್ದೂ ಆ ಹೆಸರು ನಮ್ಮ ಮಕ್ಕಳ ಕಿವಿಗೆ ಬೀಳುವುದು ಕಡಿಮೆ. ರಾಮನ್ ಗೊತ್ತು, ವಿಶ್ವೇಶ್ವರಯ್ಯ ಗೊತ್ತು, ಬಾಪು ಗೊತ್ತಿಲ್ಲ.

ಅವರು ಹುಟ್ಟಿದ್ದು 1927ರ ಆಗಸ್ಟ್ 10ರಂದು, ಮದ್ರಾಸಿನಲ್ಲಿ. ಮಲಬಾರಿನ ಮನೆತನ. ತಾಯಿತಂದೆಗೆ ಒಬ್ಬನೇ ಮಗ. ತಂದೆ ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ನೌಕರಿಯಲ್ಲಿದ್ದರು. ಆ ವೀಕ್ಷಣಾಲಯವನ್ನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನವಾಬ್ ಜಫರ್ ಜಂಗ್ ಎಂಬುವರು ಸ್ವಂತ ಆಸಕ್ತಿಯಿಂದ ಶುರು ಮಾಡಿದ್ದರು. ಆಮೇಲೆ ಅದು ಸರ್ಕಾರದ ಕೈಗೆ ಬಂದು, ಉಸ್ಮಾನಿಯಾ ವಿಶ್ವವಿದ್ಯಾಲಯಕ್ಕೆ ಸೇರಿತು. ಆಕಾಶದ ನಕ್ಷೆ ತಯಾರಿಸುವ ಒಂದು ದೊಡ್ಡ ಅಂತರರಾಷ್ಟ್ರೀಯ ಕೆಲಸದಲ್ಲಿ ಹೈದರಾಬಾದಿಗೂ ಒಂದು ಪಾಲು ಬಂದಿತ್ತು. ಗಾಜಿನ ಫಲಕಗಳ ಮೇಲೆ ಆಕಾಶದ ಫೋಟೋ ತೆಗೆದು, ಒಂದೊಂದೇ ಚುಕ್ಕಿಯ ಸ್ಥಾನ ಅಳೆದು, 7 ಲಕ್ಷಕ್ಕೂ ಹೆಚ್ಚು ನಕ್ಷತ್ರಗಳನ್ನು ಅವರು ಪಟ್ಟಿ ಮಾಡಿದರು. ಕಂಪ್ಯೂಟರ್ ಇಲ್ಲದ ಕಾಲ, ಎಲ್ಲವೂ ಕೈಬರಹ. ಇಂಥ ತಾಳ್ಮೆಯ ಕೆಲಸ ನಡೆಯುವ ಆವರಣದಲ್ಲಿ ಆ ಹುಡುಗ ಬೆಳೆದ.

ಇಲ್ಲಿ ಪೋಷಕರಿಗೆ ಒಂದು ವಿಷಯ ಹೇಳಿಬಿಡಬೇಕು. 1918ರಲ್ಲಿ ಶುರುವಾದ ಉಸ್ಮಾನಿಯಾದಲ್ಲಿ ಆಗ ಪಾಠ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಗಣಿತ, ಭೌತಶಾಸ್ತ್ರ, ವೈದ್ಯ, ಎಂಜಿನಿಯರಿಂಗ್ ಎಲ್ಲವೂ ಉರ್ದುವಿನಲ್ಲೇ. ಪುಸ್ತಕ ಅನುವಾದ ಮಾಡಿಸಲು ಪ್ರತ್ಯೇಕ ಇಲಾಖೆಯನ್ನೇ ಇಟ್ಟಿದ್ದರು. ಸುಮಾರು 30 ವರ್ಷ ಅದು ನಡೆಯಿತು. ನಮ್ಮ ನುಡಿಯಲ್ಲಿ ವಿಜ್ಞಾನ ಹೇಳಲು ಬರುವುದಿಲ್ಲ ಎಂದು ಯಾರಾದರೂ ವಾದಿಸಿದರೆ ಈ ಒಂದು ಉದಾಹರಣೆಯನ್ನು ನೆನಪಿಸಿಕೊಳ್ಳಬಹುದು. ಹಾಗೆಂದು ಬಾಪು ಉರ್ದು ಮಾಧ್ಯಮದಲ್ಲಿ ಓದಿ ದೊಡ್ಡವರಾದರು ಎಂದು ನಾನು ಹೇಳುತ್ತಿಲ್ಲ. ಅವರು ಓದಿದ್ದು ನಿಜಾಂ ಕಾಲೇಜಿನಲ್ಲಿ, ಪದವಿ ಪಡೆದದ್ದು ಮದ್ರಾಸು ವಿಶ್ವವಿದ್ಯಾಲಯದಿಂದ. ಆದರೆ ಉರ್ದು ಕಾವ್ಯದ ಮೇಲಿನ ಪ್ರೀತಿ ಆ ಊರಿನಿಂದ ಬಂದದ್ದು, ಕೊನೆಯವರೆಗೂ ಅವರನ್ನು ಬಿಡಲಿಲ್ಲ. ಚಿತ್ರ ಬರೆಯುವುದು, ಗುಲಾಬಿ ಬೆಳೆಸುವುದು ಅವರ ಇನ್ನೆರಡು ಹುಚ್ಚು. ಮಗು ವಿಜ್ಞಾನಕ್ಕೆ ಹೋಗಬೇಕೆಂದು ಪದ್ಯದ ಪುಸ್ತಕ ಕಿತ್ತಿಡುವ ತಂದೆತಾಯಂದಿರನ್ನು ನಾನು ಕಂಡಿದ್ದೇನೆ. ಅವರಿಗೆ ಬಾಪು ಅವರ ಮನೆಯ ಕಪಾಟು ತೋರಿಸಬೇಕಿತ್ತು.

ಕಾಲೇಜಿನಲ್ಲಿದ್ದಾಗಲೇ ಅವರು ವೀಕ್ಷಣಾಲಯದ 15 ಇಂಚಿನ ದೂರದರ್ಶಕದಲ್ಲಿ ಬೆಳಕು ಏರಿಳಿಯುವ ನಕ್ಷತ್ರಗಳನ್ನು ಗಮನಿಸಿ ಲೇಖನ ಪ್ರಕಟಿಸಿದ್ದರು. ಅಮೆರಿಕದ ಪ್ರಸಿದ್ಧ ಖಗೋಳ ವಿಜ್ಞಾನಿ ಹಾರ್ಲೋ ಶಾಪ್ಲಿ ಅವರ ಪರಿಚಯವೂ ಆಯಿತು. ಹೈದರಾಬಾದ್ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1949ರಲ್ಲಿ ಹಾರ್ವರ್ಡಿಗೆ ಹೋದರು. ಹೋಗಿ ಕೆಲವೇ ತಿಂಗಳು ಕಳೆದಿದ್ದವು. ಅದೇ ವರ್ಷ ಜುಲೈ 2ರ ರಾತ್ರಿ ತೆಗೆದ ಫೋಟೋ ಫಲಕದಲ್ಲಿ ಇರಬಾರದ ಜಾಗದಲ್ಲಿ ಒಂದು ಮಸುಕು ಗೆರೆ ಕಂಡಿತು. ಅದೊಂದು ಹೊಸ ಧೂಮಕೇತು. ಅಧ್ಯಾಪಕ ಬಾರ್ಟ್ ಬಾಕ್ ಮತ್ತು ಸಹಪಾಠಿ ಗಾರ್ಡನ್ ನ್ಯೂಕರ್ಕ್ ಅದನ್ನು ಖಚಿತಪಡಿಸಿದರು. ಹೀಗಾಗಿ ಅದರ ಹೆಸರು ಬಾಪು-ಬಾಕ್-ನ್ಯೂಕರ್ಕ್ ಧೂಮಕೇತು. ಸುಮಾರು 60 ಸಾವಿರ ವರ್ಷಕ್ಕೊಮ್ಮೆ ಬರುವಂಥದ್ದು ಎಂದು ಲೆಕ್ಕ ಹಾಕಿದರು. ಆ ಶೋಧಕ್ಕೆ ಡೊನೊಹೊ ಪದಕ ಬಂತು. ವಯಸ್ಸು ಇಪ್ಪತ್ತೆರಡೂ ತುಂಬಿರಲಿಲ್ಲ.

ಧೂಮಕೇತುವಿನಿಂದ ಹೆಸರು ಬಂತು ನಿಜ. ಆದರೆ ಅದರಲ್ಲಿ ಅದೃಷ್ಟದ ಪಾಲೂ ಇದೆ. ಅವರ ನಿಜವಾದ ಕೆಲಸ ಇರುವುದು ಇನ್ನೊಂದರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಮಕ್ಕಳಿಗೆ ಓದಿ ಹೇಳುವವರು ಇಲ್ಲಿ ಅವಸರ ಮಾಡಬೇಡಿ.

ಕತ್ತಲ ರಾತ್ರಿ ಹೊಲದಲ್ಲಿ ನಿಂತಿದ್ದೀರಿ ಎಂದುಕೊಳ್ಳಿ. ದೂರದಲ್ಲಿ ಒಂದು ದೀಪ ಕಾಣುತ್ತದೆ. ಅದು ಪಕ್ಕದ ಗದ್ದೆಯ ಬುಡ್ಡಿ ದೀಪವೋ, ಮುಂದಿನ ಊರಿನ ದೊಡ್ಡ ದೀಪವೋ? ಕಣ್ಣಿಗೆ ಎರಡೂ ಒಂದೇ ಚುಕ್ಕಿ. ದೀಪ ನಿಜವಾಗಿ ಎಷ್ಟು ಪ್ರಖರ ಎಂದು ಗೊತ್ತಾದರೆ ಮಾತ್ರ ದೂರ ಹೇಳಬಹುದು. ನಕ್ಷತ್ರಗಳ ವಿಷಯದಲ್ಲೂ ಇದೇ ತೊಡಕು. ಹತ್ತಿರದ ಕೆಲವನ್ನು ಬಿಟ್ಟರೆ ಉಳಿದವುಗಳ ದೂರ ನೇರವಾಗಿ ಅಳೆಯಲು ಆ ಕಾಲದಲ್ಲಿ ಆಗುತ್ತಿರಲಿಲ್ಲ. ದೂರ ಗೊತ್ತಿಲ್ಲದೆ ನಿಜವಾದ ಪ್ರಖರತೆ ಗೊತ್ತಿಲ್ಲ. ಪ್ರಖರತೆ ಗೊತ್ತಿಲ್ಲದೆ ಅದು ಚಿಕ್ಕದೋ ದೊಡ್ಡದೋ, ಎಳೆಯದೋ ಮುಪ್ಪಿನದೋ ಎಂದು ಹೇಳುವಂತಿಲ್ಲ.

ನಕ್ಷತ್ರಕ್ಕೆ ಮುಪ್ಪು ಎಂದರೆ ಏನು? ನಕ್ಷತ್ರವೂ ಹುಟ್ಟುತ್ತದೆ. ಧೂಳು ಮತ್ತು ಅನಿಲದ ದೊಡ್ಡ ಮೋಡ, ಅಂದರೆ ನೀಹಾರಿಕೆ, ತನ್ನ ಭಾರಕ್ಕೆ ತಾನೇ ಕುಗ್ಗುತ್ತಾ ಹೋಗಿ ಒಡಲು ಬಿಸಿಯಾಗುತ್ತದೆ. ಬಿಸಿ ಒಂದು ಹಂತ ಮುಟ್ಟಿದಾಗ ಜಲಜನಕದ ಪರಮಾಣು ಬೀಜಗಳು ಬೆಸೆದು ಹೀಲಿಯಂ ಆಗತೊಡಗುತ್ತವೆ. ಆಗ ಹೊರಬರುವ ಶಕ್ತಿಯೇ ಬೆಳಕು. ನಮ್ಮ ಸೂರ್ಯ ಒಂದೊಂದು ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಜಲಜನಕವನ್ನು ಹೀಗೆ ಉರಿಸುತ್ತಾನೆ. ಉರಿಸುತ್ತಾನೆ ಎಂಬ ಮಾತು ರೂಢಿಯದು. ಒಲೆಯ ಬೆಂಕಿಗೂ ಇದಕ್ಕೂ ಸಂಬಂಧವಿಲ್ಲ ಎಂದು ಮಕ್ಕಳಿಗೆ ತಿಳಿಸಿ. ಸೂರ್ಯನಿಗೆ ಈಗ ಸುಮಾರು 460 ಕೋಟಿ ವರ್ಷ. ಇನ್ನೂ ಅಷ್ಟೇ ಕಾಲ ಸಾಲುವಷ್ಟು ಸರಕು ಒಳಗಿದೆ. ಆಮೇಲೆ ಅವನು ಉಬ್ಬುತ್ತಾನೆ, ಕೆಂಪಾಗುತ್ತಾನೆ. ಈ ಹಂತದ ನಕ್ಷತ್ರಕ್ಕೆ ಕೆಂಪು ದೈತ್ಯ ಎಂದು ಹೆಸರು. ಕೊನೆಗೆ ಹೊರಪದರಗಳು ಕಳಚಿಹೋಗಿ ಒಳತಿರುಳು ಬೂದಿಯೊಳಗಿನ ಕೆಂಡದಂತೆ ಉಳಿದು ಮೆಲ್ಲಗೆ ಆರುತ್ತದೆ. ಅದು ಶ್ವೇತ ಕುಬ್ಜ.

ಸೂರ್ಯನಿಗಿಂತ ಬಹಳ ತೂಕದ ನಕ್ಷತ್ರಗಳ ಬಾಳು ಬೇರೆ. ಸಂಪತ್ತು ಹೆಚ್ಚಿದ್ದಷ್ಟೂ ಖರ್ಚು ಇನ್ನೂ ಹೆಚ್ಚು ಎಂಬ ಮನೆಗಳಿರುತ್ತವಲ್ಲ, ಹಾಗೆ. ಕೆಲವು ಕೋಟಿ ವರ್ಷದಲ್ಲೇ ಅವು ಎಲ್ಲವನ್ನೂ ಮುಗಿಸಿ ಸಿಡಿದುಬಿಡುತ್ತವೆ. ಆ ಸ್ಫೋಟವೇ ಸೂಪರ್‌ನೋವಾ. ಯಾವ ನಕ್ಷತ್ರ ಕುಬ್ಜವಾಗಿ ಶಾಂತವಾಗುತ್ತದೆ, ಯಾವುದಕ್ಕೆ ಆ ಶಾಂತಿ ಇಲ್ಲ ಎಂಬ ಗಡಿಯನ್ನು ಲೆಕ್ಕದಲ್ಲಿ ತೋರಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. 1930ರಲ್ಲಿ ಭಾರತದಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುವಾಗ, 19ನೇ ವಯಸ್ಸಿನಲ್ಲಿ, ಆ ಲೆಕ್ಕಕ್ಕೆ ಕೈ ಹಾಕಿದರು. ಉಳಿಯುವ ತಿರುಳು ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಿದ್ದರೆ ಅದು ಶ್ವೇತ ಕುಬ್ಜವಾಗಿ ನಿಲ್ಲಲಾರದು. ಚಂದ್ರಶೇಖರ್ ಅಮೆರಿಕದಲ್ಲೇ ನೆಲೆಸಿದರು. ಬಾಪು ವಾಪಸು ಬಂದರು. ಒಬ್ಬರು ಮೇಲು, ಇನ್ನೊಬ್ಬರು ಕೀಳು ಎಂದು ನಾನು ಎಣಿಸುವುದಿಲ್ಲ. ಚಂದ್ರಶೇಖರ್ ಅವರ ಕೆಲಸಕ್ಕೆ ಕಾಗದ ಪೆನ್ನು ಸಾಕಾಗಿತ್ತು. ಬಾಪು ಅವರ ಕೆಲಸಕ್ಕೆ ದೂರದರ್ಶಕ ಬೇಕಿತ್ತು, ಅದು ಈ ದೇಶದಲ್ಲಿ ಇರಲಿಲ್ಲ.

ಈಗ ಬಾಪು ಕಂಡ ಸಂಗತಿಗೆ ಬರೋಣ. ಡಾಕ್ಟರೇಟ್ ಮುಗಿದ ಮೇಲೆ 1952ರಲ್ಲಿ ಅವರಿಗೆ ಕಾರ್ನೆಗಿ ಫೆಲೋಶಿಪ್ ಸಿಕ್ಕಿ, ಆಗಿನ ಜಗತ್ತಿನ ಅತಿ ದೊಡ್ಡ ದೂರದರ್ಶಕವಿದ್ದ ಕ್ಯಾಲಿಫೋರ್ನಿಯಾದ ಪಾಲೋಮಾರ್‌ಗೆ ಹೋದರು. ಅಲ್ಲಿ ಓಲಿನ್ ವಿಲ್ಸನ್ ಎಂಬ ಹಿರಿಯರ ಜೊತೆ ನಕ್ಷತ್ರಗಳ ರೋಹಿತ ಪರೀಕ್ಷಿಸುವ ಕೆಲಸ. ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಕಾಮನಬಿಲ್ಲಿನ ಬಣ್ಣಗಳಾಗಿ ಒಡೆಯುವುದು ಮಕ್ಕಳಿಗೆ ಗೊತ್ತು. ನಕ್ಷತ್ರದ ಬೆಳಕನ್ನು ಹಾಗೆ ಒಡೆದರೆ ಬಣ್ಣಗಳ ನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಒಂದೊಂದು ಧಾತುವಿಗೂ ತನ್ನದೇ ಗೆರೆಗಳು. ನೇರಳೆಯ ತುದಿಯಲ್ಲಿ ಕ್ಯಾಲ್ಸಿಯಂನ ಎರಡು ದಪ್ಪ ಗೆರೆಗಳಿವೆ. ಅವಕ್ಕೆ ಎಚ್ ಮತ್ತು ಕೆ ಎಂದು ಹೆಸರಿಟ್ಟಿದ್ದಾರೆ. ಸೂರ್ಯನಂಥ ಮತ್ತು ಸೂರ್ಯನಿಗಿಂತ ತಂಪಾದ ನಕ್ಷತ್ರಗಳಲ್ಲಿ ಈ ಕಪ್ಪು ಗೆರೆಯ ನಟ್ಟನಡುವೆ ತೆಳ್ಳನೆಯ ಬೆಳಕಿನ ಎಳೆಯೊಂದು ಇರುತ್ತದೆ. ಕರಿ ಸೀರೆಯ ನಡುವೆ ಜರಿ ಎಳೆ ಇದ್ದಂತೆ.

ಇವರಿಬ್ಬರೂ 185 ನಕ್ಷತ್ರಗಳಲ್ಲಿ ಆ ಎಳೆಯ ಅಗಲ ಅಳೆದರು. ನಕ್ಷತ್ರ ನಿಜವಾಗಿ ಎಷ್ಟು ಪ್ರಖರವೋ ಎಳೆ ಅಷ್ಟು ಅಗಲ ಎಂದು ತಿಳಿಯಿತು. ಮಂಕಾದ ಕುಬ್ಜ ನಕ್ಷತ್ರದಿಂದ ಹಿಡಿದು ಅದರ 10 ಲಕ್ಷ ಪಟ್ಟು ಪ್ರಖರವಾದ ಮಹಾದೈತ್ಯದವರೆಗೂ ಒಂದೇ ನಿಯಮ. 1957ರಲ್ಲಿ ಪ್ರಕಟವಾದ ಇದಕ್ಕೆ ಇಂದು ಜಗತ್ತೆಲ್ಲ ವಿಲ್ಸನ್-ಬಾಪು ಪರಿಣಾಮ ಎಂದೇ ಹೆಸರು. ಅಂದರೆ ಹೊಲದಲ್ಲಿ ಕಂಡ ದೀಪದ ಬತ್ತಿ ಎಂಥದ್ದು ಎಂದು ಬೆಳಕಿನೊಳಗಿನಿಂದಲೇ ಓದುವ ಉಪಾಯ ಸಿಕ್ಕಿತು. ಎಳೆಯ ಅಗಲ ನೋಡಿ, ಇದು ಇನ್ನೂ ಜಲಜನಕ ಉರಿಸುತ್ತಿರುವ ಸಂಸಾರಸ್ಥ ನಕ್ಷತ್ರ, ಇದು ಮುಪ್ಪಿನಲ್ಲಿ ಉಬ್ಬಿದ ದೈತ್ಯ ಎಂದು ಹೇಳಬಹುದು. ದೂರವನ್ನೂ ಹೇಳಬಹುದು. ನಮ್ಮ ಮಳೆಯ ಹೆಸರಿನ ರೋಹಿಣಿ, ಆರಿದ್ರೆ, ಸ್ವಾತಿ, ಜ್ಯೇಷ್ಠೆ ನಾಲ್ಕೂ ಇಂಥ ಉಬ್ಬಿದ ವರ್ಗಕ್ಕೇ ಸೇರಿದವು. ಸ್ವಾತಿ ನಮ್ಮಿಂದ ಸುಮಾರು 37 ಜ್ಯೋತಿರ್ವರ್ಷ, ರೋಹಿಣಿ ಸುಮಾರು 65. ಆರಿದ್ರೆಯಂತೂ ಎಷ್ಟು ಉಬ್ಬಿದೆ ಎಂದರೆ ಸೂರ್ಯನ ಜಾಗದಲ್ಲಿ ಇಟ್ಟರೆ ನಮ್ಮ ಭೂಮಿ ಅದರ ಹೊಟ್ಟೆಯೊಳಗೇ ಇರುತ್ತದೆ.

ಬಾಪು ಅಳೆದದ್ದು ಕ್ಯಾಲ್ಸಿಯಂನ ಗೆರೆ ಎಂಬುದನ್ನು ಮರೆಯಬೇಡಿ. ಸುಣ್ಣದಲ್ಲಿರುವುದು ಅದೇ ಧಾತು, ಮೂಳೆಯಲ್ಲಿರುವುದು ಅದೇ, ನಮ್ಮ ಸೀಮೆಯ ರಾಗಿಯಲ್ಲಿ 100 ಗ್ರಾಂಗೆ 300 ಮಿಲಿಗ್ರಾಂಗೂ ಹೆಚ್ಚು ಇರುವುದು ಅದೇ. ಅದು ಈ ಭೂಮಿಯಲ್ಲಿ ತಯಾರಾದದ್ದಲ್ಲ. ನಮ್ಮ ಸೂರ್ಯ ಹುಟ್ಟುವ ಮೊದಲೇ ಬಾಳಿ ಸಿಡಿದ ನಕ್ಷತ್ರಗಳೊಳಗೆ ಬೆಂದು, ಹೊರಗೆ ಚೆಲ್ಲಿ, ಇನ್ನೊಂದು ಮೋಡದಲ್ಲಿ ಸೇರಿ, ಆ ಮೋಡದಿಂದ ಸೂರ್ಯನೂ ಭೂಮಿಯೂ ಆದವು. ರಕ್ತದ ಕಬ್ಬಿಣವೂ ಹಾಗೆ ಬಂದದ್ದೇ. ಮುದ್ದೆ ಉಣ್ಣುವ ಮಗುವಿಗೆ ಇದನ್ನು ಹೇಳಿ ನೋಡಿ. ಪುಸ್ತಕದಲ್ಲಿ ಧಾತು ಎಂದು ಬಾಯಿಪಾಠ ಮಾಡಿದ ಪದ ತಟ್ಟೆಯಲ್ಲಿ ಕಾಣಿಸಿಕೊಳ್ಳುತ್ತದೆ.

1953ರಲ್ಲಿ ಬಾಪು ಭಾರತಕ್ಕೆ ಮರಳಿದರು. ಪಾಲೋಮಾರ್‌ನಲ್ಲಿ 200 ಇಂಚಿನ ದರ್ಪಣದ ಬಳಿ ಕೆಲಸ ಮಾಡಿದ ಮನುಷ್ಯನಿಗೆ ಇಲ್ಲಿ ಸಿಕ್ಕಿದ್ದು ಏನು? ಉತ್ತರ ಪ್ರದೇಶ ಸರ್ಕಾರ ಹೊಸದಾಗಿ ಒಂದು ವೀಕ್ಷಣಾಲಯ ತೆರೆದಿತ್ತು. ಅದು ಇದ್ದದ್ದು ಕಾಶಿಯ ಸರ್ಕಾರಿ ಸಂಸ್ಕೃತ ಕಾಲೇಜಿನ ಆವರಣದಲ್ಲಿ. 1954ರ ಕೊನೆಗೆ ಬಾಪು ಅದರ ಮುಖ್ಯಸ್ಥರಾದರು. ಧೂಳು ತುಂಬಿದ ಬಯಲು ಸೀಮೆಯಲ್ಲಿ ನಕ್ಷತ್ರ ನೋಡುವುದು ಸಾಧ್ಯವಿಲ್ಲ ಎಂದು ಕಂಡುಕೊಂಡು, ಮರುವರ್ಷವೇ ಅದನ್ನು ನೈನಿತಾಲಿನ ಬೆಟ್ಟಕ್ಕೆ ಸಾಗಿಸಿದರು. 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರ ಹುದ್ದೆ ಬಂತು. ಆಗ ಅವರಿಗೆ 32 ವರ್ಷ.

ಕೊಡೈಕನಾಲ್ ಹಳೆಯ ಹೆಸರುವಾಸಿ ಸಂಸ್ಥೆ. 1909ರಲ್ಲಿ ಎವರ್ಶೆಡ್ ಎಂಬುವರು ಸೂರ್ಯನ ಕಲೆಗಳಲ್ಲಿ ಅನಿಲ ಹರಿಯುವುದನ್ನು ಕಂಡದ್ದು ಅಲ್ಲೇ. ಅಲ್ಲಿ ಸೂರ್ಯ ಇದ್ದ, ನಕ್ಷತ್ರಗಳಿಗೆ ಮಾತ್ರ ಮೋಡ ಅಡ್ಡ ಬರುತ್ತಿತ್ತು. ಬಾಪು ಸೂರ್ಯನನ್ನೂ ಬಿಡಲಿಲ್ಲ. ತಾವು ಪಾಲೋಮಾರ್‌ನಲ್ಲಿ ದೂರದ ನಕ್ಷತ್ರಗಳಲ್ಲಿ ಅಳೆದ ಎಳೆ ನಮ್ಮ ಸೂರ್ಯನ ಮೈಯಲ್ಲಿ ಎಲ್ಲಿಂದ ಹುಟ್ಟುತ್ತದೆ ಎಂದು ಕೆ. ಆರ್. ಶಿವರಾಮನ್ ಅವರ ಜೊತೆ ಹುಡುಕಿ, ಸೂರ್ಯನ ಮೇಲಿನ ಸಣ್ಣ ಸಣ್ಣ ಹೊಳಪಿನ ಚುಕ್ಕೆಗಳ ಕಡೆ 1971ರಲ್ಲಿ ಬೆರಳು ತೋರಿಸಿದರು. ಸೂರ್ಯನೂ ಒಂದು ನಕ್ಷತ್ರ ಎಂದು ನಾವು ಎರಡು ಅಂಕದ ಪ್ರಶ್ನೆಗೆ ಉತ್ತರ ಬರೆಸುತ್ತೇವೆ. ಅದರ ಅರ್ಥವನ್ನು ಕೆಲಸದಲ್ಲಿ ತೋರಿಸುವುದು ಹೀಗೆ.

ನಕ್ಷತ್ರಗಳಿಗಾಗಿ ಬೇರೆ ಜಾಗ ಬೇಕಿತ್ತು. ದಕ್ಷಿಣದ ಆಕಾಶವೂ ಕಾಣಬೇಕು, ಮೋಡ ಕಡಿಮೆ ಇರಬೇಕು, ಊರ ದೀಪ ದೂರ ಇರಬೇಕು. ಹುಡುಕಿ ಹುಡುಕಿ ಅವರು ಆರಿಸಿದ್ದು ತಮಿಳುನಾಡಿನ ಜವ್ವಾದಿ ಬೆಟ್ಟದ ಕಾಡಿನ ನಡುವಿನ ಕಾವಲೂರು. ತಮಿಳು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕೂತು ಕಲಿತ ನನಗೆ ಆ ಹೆಸರು ಬಹಳ ಇಷ್ಟ. ಕಾವಲು ಎಂದರೆ ಎರಡು ನುಡಿಯಲ್ಲೂ ಒಂದೇ. ರಾತ್ರಿಯೆಲ್ಲ ಎದ್ದಿದ್ದು ಕಾಯುವ ಕೆಲಸ, ಆ ಊರಿಗೆ ಬೇರೆ ಹೆಸರು ಒಪ್ಪುತ್ತಿರಲಿಲ್ಲ. ತಮಿಳಿನಲ್ಲಿ ನಕ್ಷತ್ರಕ್ಕೆ ವಿಣ್ಮೀನ್ ಎನ್ನುತ್ತಾರೆ, ಬಾನಿನ ಮೀನು. ನಮ್ಮ ಚುಕ್ಕಿ ತೆಲುಗಿನಲ್ಲಿ ಚುಕ್ಕ. ಗಡಿಯ ಮಗುವಿನ ಬಾಯಲ್ಲಿ ಇವೆಲ್ಲ ಒಟ್ಟಿಗೆ ಇರುತ್ತವೆ. ಅದನ್ನು ಗೊಂದಲ ಎಂದು ತಿಳಿಯುವವರಿದ್ದಾರೆ, ನಾನು ಆಸ್ತಿ ಎಂದು ತಿಳಿದಿದ್ದೇನೆ.

1968ರಲ್ಲಿ ಕಾವಲೂರಿನಲ್ಲಿ ಮೊದಲ ದೂರದರ್ಶಕ ಕೆಲಸ ಶುರು ಮಾಡಿತು. ದರ್ಪಣದ ಅಗಲ 38 ಸೆಂಟಿಮೀಟರ್, ನಮ್ಮ ಮನೆಯ ಊಟದ ತಟ್ಟೆಗಿಂತ ಸ್ವಲ್ಪ ದೊಡ್ಡದು. ಅದನ್ನು ತಮ್ಮಲ್ಲೇ ತಯಾರಿಸಿಕೊಂಡಿದ್ದರು. 1972ರಲ್ಲಿ ಪೂರ್ವ ಜರ್ಮನಿಯ ಯೇನಾದಿಂದ ತರಿಸಿದ 1 ಮೀಟರಿನ ದೂರದರ್ಶಕ ಬಂತು. ಐದು ವರ್ಷದ ಬಳಿಕ, 1977ರ ಮಾರ್ಚ್ 10ರಂದು, ಯುರೇನಸ್ ಗ್ರಹ ಒಂದು ನಕ್ಷತ್ರದ ಮುಂದೆ ಹಾದುಹೋಗುವಾಗ ಬೆಳಕು ಮಿಣುಕಿದ್ದನ್ನು ಗುರುತಿಸಿ, ಆ ಗ್ರಹಕ್ಕೂ ಉಂಗುರಗಳಿವೆ ಎಂದು ತಿಳಿಯಲು ನೆರವಾದ ಜಾಗಗಳಲ್ಲಿ ಕಾವಲೂರೂ ಒಂದು.

ಇದರ ನಡುವೆ 1971ರಲ್ಲಿ ಭಾರತೀಯ ಖಭೌತ ಸಂಸ್ಥೆ ಸ್ವಾಯತ್ತ ಸಂಸ್ಥೆಯಾಗಿ ರೂಪುಗೊಂಡಿತು. ಬಾಪು ಅದರ ಮೊದಲ ನಿರ್ದೇಶಕರು. ಕೇಂದ್ರ ಕಚೇರಿ ಬೆಂಗಳೂರಿಗೆ ಬಂತು. 1976ರಿಂದ ರಾಮನ್ ಸಂಶೋಧನಾ ಸಂಸ್ಥೆಯೊಡನೆ ಸೇರಿ ಗೌರಿಬಿದನೂರಿನ ಬಳಿ ರೇಡಿಯೋ ವೀಕ್ಷಣಾಲಯ ನಡೆಸತೊಡಗಿದರು. ಅಲ್ಲಿ ಗುಮ್ಮಟವಿಲ್ಲ, ಗಾಜಿಲ್ಲ. ಕಂಬ, ತಂತಿ, ತಂತಿ, ಕಂಬ. ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1000 ಆಂಟೆನಾಗಳನ್ನು ಹೂಡಿದ್ದರು, ಪೂರ್ವ ಪಶ್ಚಿಮದ ತೋಳೇ 1.4 ಕಿಲೋಮೀಟರ್. ನೋಡಿದವರಿಗೆ ದ್ರಾಕ್ಷಿ ಚಪ್ಪರ ಎನ್ನಿಸಬೇಕು. ಕಣ್ಣಿಗೆ ಕಾಣದ ರೇಡಿಯೋ ಅಲೆಗಳನ್ನು ಅದು ಹಿಡಿಯುತ್ತಿತ್ತು. ಸಾವಿರಾರು ವರ್ಷಗಳ ಹಿಂದೆ ಸಿಡಿದ ನಕ್ಷತ್ರಗಳ ಅವಶೇಷಗಳನ್ನು ಅದರಿಂದ ಪರೀಕ್ಷಿಸಿದರು. ಹಿಂದೂಪುರದ ಮಕ್ಕಳಿಗೆ ರೈಲಿನಲ್ಲಿ ಒಂದು ಬೆಳಗಿನ ದಾರಿ ಅದು. ನಮ್ಮ ಶಾಲಾ ಪ್ರವಾಸಗಳು ಯಾಕೆ ಎಂದೂ ಅತ್ತ ತಿರುಗುವುದಿಲ್ಲವೋ ನನಗೆ ಅರ್ಥವಾಗಿಲ್ಲ.

1980ರ ಫೆಬ್ರವರಿ 16ರ ಸಂಪೂರ್ಣ ಸೂರ್ಯಗ್ರಹಣ ನನ್ನ ವಯಸ್ಸಿನವರಿಗೆ ನೆನಪಿರುತ್ತದೆ. ಕರ್ನಾಟಕವನ್ನು ಅಡ್ಡ ಸೀಳಿಕೊಂಡು, ಹುಬ್ಬಳ್ಳಿ, ರಾಯಚೂರಿನ ಮೇಲೆ ನೆರಳು ಹಾದುಹೋಯಿತು. ನಮ್ಮ ಕಡೆ ಪಾರ್ಶ್ವ ಗ್ರಹಣವಷ್ಟೇ. ಆದರೂ ಬಾಗಿಲು ಹಾಕಿಕೊಂಡು ಕೂತ ಮನೆಗಳೇ ಹೆಚ್ಚು, ಬೀದಿಯಲ್ಲಿ ನಾಯಿಯೂ ಇರಲಿಲ್ಲ. ಅದೇ ಹೊತ್ತಿಗೆ ಬಾಪು ಅವರ ಸಂಸ್ಥೆಯವರು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಶಿಬಿರ ಹೂಡಿ, ಉಪಕರಣಗಳನ್ನು ಬಯಲಿನಲ್ಲಿ ನಿಲ್ಲಿಸಿ, ಸೂರ್ಯನ ಪ್ರಭಾವಲಯ ಕಾಣುವ ಎರಡು ಮೂರು ನಿಮಿಷಕ್ಕಾಗಿ ಕಾದು ನಿಂತಿದ್ದರು. ಇದಕ್ಕಿಂತ ನೂರಾ ಹನ್ನೆರಡು ವರ್ಷ ಹಿಂದೆ, 1868ರ ಆಗಸ್ಟ್ 18ರ ಗ್ರಹಣಕ್ಕೆ ಫ್ರಾನ್ಸಿನ ಜಾನ್ಸನ್ ಎಂಬ ವಿಜ್ಞಾನಿ ನಮ್ಮ ಆಂಧ್ರದ ಗುಂಟೂರಿಗೇ ಬಂದಿದ್ದರು. ಆ ವರ್ಷದ ಸೂರ್ಯನ ಅಧ್ಯಯನಗಳಿಂದಲೇ ಹೀಲಿಯಂ ಎಂಬ ಧಾತುವಿನ ಸುಳಿವು ಸಿಕ್ಕಿದ್ದು. ನಕ್ಷತ್ರದ ಒಲೆಯಲ್ಲಿ ಬೇಯುವ ಪದಾರ್ಥವನ್ನು ಮನುಷ್ಯ ಮೊದಲು ಗುರುತಿಸಿದ ಕಥೆಯಲ್ಲಿ ನಮ್ಮ ನೆಲವೂ ಇದೆ.

ಬಾಪು ಅವರಿಗೆ ಪ್ರಿಯವಾಗಿದ್ದ ಇನ್ನೊಂದು ಬಗೆಯ ನಕ್ಷತ್ರಗಳಿವೆ, ವೂಲ್ಫ್-ರಾಯೆ ನಕ್ಷತ್ರಗಳು. ಬಹಳ ತೂಕದ, ಬಹಳ ಬಿಸಿಯಾದ, ಬಾಳಿನ ಕೊನೆಯ ಹಂತದಲ್ಲಿ ಹೊರಮೈಯನ್ನು ರಭಸದಿಂದ ಹೊರಗೆ ಊದಿಬಿಡುವಂಥವು. ದಕ್ಷಿಣ ಆಕಾಶದಲ್ಲಿ ಅಂಥದೊಂದು ಬರಿಗಣ್ಣಿಗೇ ಕಾಣುತ್ತದೆ. ಇವುಗಳ ಮೇಲೆ 1971ರಲ್ಲಿ ಅರ್ಜೆಂಟೈನಾದಲ್ಲಿ ನಡೆದ ಅಂತರರಾಷ್ಟ್ರೀಯ ಗೋಷ್ಠಿಯ ಗ್ರಂಥಕ್ಕೆ ಬಾಪು ಸಂಪಾದಕರಲ್ಲೊಬ್ಬರು.

ಆದರೆ ಅವರ ಮನಸ್ಸೆಲ್ಲ ಇದ್ದದ್ದು ದೊಡ್ಡ ದೂರದರ್ಶಕದಲ್ಲಿ. ಹೊರದೇಶದಿಂದ ಕೊಂಡು ತಂದು ನಿಲ್ಲಿಸುವುದು ಸುಲಭವಿತ್ತು. ಬಾಪು ಹಟ ಹಿಡಿದರು, ಇಲ್ಲೇ ಮಾಡಬೇಕು. 2.34 ಮೀಟರ್ ಅಗಲದ ದರ್ಪಣವನ್ನು ಬೆಂಗಳೂರಿನ ತಮ್ಮ ಸಂಸ್ಥೆಯಲ್ಲೇ ಉಜ್ಜಿ ಹೊಳಪು ಕೊಡುವ ಕೆಲಸ ವರ್ಷಗಟ್ಟಲೆ ನಡೆಯಿತು. ಅದನ್ನು ಹೊರುವ ಕಬ್ಬಿಣದ ಅಟ್ಟಣಿಗೆ ಮಹಾರಾಷ್ಟ್ರದ ವಾಲ್‌ಚಂದ್‌ನಗರದ ಕಾರ್ಖಾನೆಯಲ್ಲಿ ತಯಾರಾಯಿತು. ಇದು ಬೇಕಿತ್ತೇ, ಕಾಲ ಹಿಡಿಯಲಿಲ್ಲವೇ ಎಂದು ಕೇಳಬಹುದು. ಕಾಲ ಹಿಡಿಯಿತು. ಕಟ್ಟಿಸಿದವರ ಆಯುಸ್ಸಿಗಿಂತ ಹೆಚ್ಚು ಹಿಡಿಯಿತು. ಆದರೆ ಕನ್ನಡಿ ಉಜ್ಜಲು ಕಲಿತ ಕೈಗಳು, ಗುಮ್ಮಟ ತಿರುಗಿಸಲು ಕಲಿತ ಕೈಗಳು ಈ ದೇಶದಲ್ಲಿ ಉಳಿದವು. ನನ್ನ ಲೆಕ್ಕದಲ್ಲಿ ಅದು ಕೊಂಡು ತಂದ ಯಂತ್ರಕ್ಕಿಂತ ಹೆಚ್ಚಿನದು.

1979ರಲ್ಲಿ ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷರಾದರು. ಆ ಪೀಠದಲ್ಲಿ ಕೂತ ಮೊದಲ ಭಾರತೀಯ. 1981ರಲ್ಲಿ ಪದ್ಮಭೂಷಣ ಬಂತು. 1982ರ ಆಗಸ್ಟ್‌ನಲ್ಲಿ ಒಕ್ಕೂಟದ ಮಹಾಧಿವೇಶನ ಗ್ರೀಸಿನ ಪಾತ್ರಾಸ್ ಎಂಬ ಊರಿನಲ್ಲಿ ಇತ್ತು. ಅಧ್ಯಕ್ಷರು ಬರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಗಾಗಿ ಮ್ಯೂನಿಕ್‌ನ ಆಸ್ಪತ್ರೆಯಲ್ಲಿದ್ದರು. ಅಧಿವೇಶನ ನಡೆಯುತ್ತಿರುವಾಗಲೇ, ಆಗಸ್ಟ್ 19ರಂದು, ಅಲ್ಲೇ ತೀರಿಕೊಂಡರು. 55 ತುಂಬಿ ಒಂಬತ್ತು ದಿನವಾಗಿತ್ತು. ಮರುವರ್ಷ ಚಂದ್ರಶೇಖರ್ ಅವರಿಗೆ ನೊಬೆಲ್ ಬಂತು.

ಮಲಬಾರಿನ ಮನೆತನ, ಹುಟ್ಟಿದ್ದು ತಮಿಳು ಊರಿನಲ್ಲಿ, ಬೆಳೆದದ್ದು ಉರ್ದು ತೆಲುಗಿನ ನಡುವೆ, ದುಡಿದದ್ದು ಕಾಶಿ, ಕುಮಾವೂ ಬೆಟ್ಟ, ಕೊಡೈಕನಾಲ್, ಬೆಂಗಳೂರುಗಳಲ್ಲಿ. ಪೂರ್ವಿಕರ ನುಡಿಯ ಊರಿನಲ್ಲಿ ಅವರು ನೌಕರಿ ಮಾಡಿದ್ದೇ ಇಲ್ಲ. ಗಡಿಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದುವ ಮಗು ಮುಂದೆ ಯಾವ ಭಾಷೆಯ ಊರಿಗೆ ಹೋಗಿ ಹೇಗೆ ಬದುಕೀತು ಎಂದು ಪೋಷಕರು ನನ್ನನ್ನು ಕೇಳುತ್ತಲೇ ಬಂದಿದ್ದಾರೆ. ಹೊಸ ಭಾಷೆ ಕಲಿಯುವುದು ಅಂಥ ಮಕ್ಕಳಿಗೆ ಕಷ್ಟವಾದದ್ದನ್ನು ನಾನು ಹೆಚ್ಚು ಕಂಡಿಲ್ಲ. ಕಷ್ಟವಾಗುವುದು ವಿಷಯ ಮೊದಲೇ ಯಾವ ಭಾಷೆಯಲ್ಲೂ ತಲೆಗೆ ಹೋಗದಿದ್ದಾಗ. ರೋಹಿತ ಎಂದರೆ ಏನೆಂದು ಕನ್ನಡದಲ್ಲಿ ಕಣ್ಣಾರೆ ಕಂಡು ತಿಳಿದ ಮಗು ಅದರ ಇಂಗ್ಲಿಷ್ ಹೆಸರನ್ನು ಒಂದು ಸಂಜೆಯಲ್ಲಿ ಕಲಿಯುತ್ತದೆ.

ದೊಡ್ಡ ದೂರದರ್ಶಕ 1985ರ ನವೆಂಬರ್‌ನಲ್ಲಿ ಮೊದಲ ಬೆಳಕು ಕಂಡಿತು. ಅದೇ ತಿಂಗಳು ಒಕ್ಕೂಟದ ಮಹಾಧಿವೇಶನ ದೆಹಲಿಯಲ್ಲಿ ನಡೆಯಿತು. 1986ರ ಜನವರಿ 6ರಂದು ಪ್ರಧಾನಿ ರಾಜೀವ್ ಗಾಂಧಿ ಕಾವಲೂರಿಗೆ ಬಂದು ದೂರದರ್ಶಕಕ್ಕೆ ವೇಣು ಬಾಪು ಅವರ ಹೆಸರನ್ನಿಟ್ಟರು. ವೀಕ್ಷಣಾಲಯಕ್ಕೂ ಈಗ ಅದೇ ಹೆಸರು. ಅವರ ಹೆಸರಿನ ಕ್ಷುದ್ರಗ್ರಹವೂ ಒಂದಿದೆ, ಸಂಖ್ಯೆ 2596. ಮತ್ತೊಂದು ವರ್ಷ ಕಳೆದು, 1987ರ ಫೆಬ್ರವರಿಯಲ್ಲಿ, ನಮ್ಮಿಂದ ಸುಮಾರು 1.6 ಲಕ್ಷ ಜ್ಯೋತಿರ್ವರ್ಷ ದೂರದ ಒಂದು ಭಾರಿ ನಕ್ಷತ್ರ ಸಿಡಿದದ್ದು ಕಾಣಿಸಿತು. 1604ರ ನಂತರ ಬರಿಗಣ್ಣಿಗೆ ಚೆನ್ನಾಗಿ ಕಂಡ ಸೂಪರ್‌ನೋವಾ ಅದೊಂದೇ. ದಕ್ಷಿಣದ ದಿಗಂತಕ್ಕೆ ತೀರ ಹತ್ತಿರ ಇತ್ತು, ಉತ್ತರದ ದೇಶಗಳಿಗೆ ಕಾಣುವಂತಿರಲಿಲ್ಲ. ದಕ್ಷಿಣದ ಆಕಾಶ ಸಿಗಲಿ ಎಂದು ಬಾಪು ಆರಿಸಿದ ಕಾವಲೂರಿನಿಂದ ಕಂಡಿತು. ಅವರ ಶಿಷ್ಯರ ತಲೆಮಾರಿನವರು ಅಲ್ಲಿ ಅದರ ರೋಹಿತ ತೆಗೆದು ಪ್ರಕಟಿಸಿದರು.

ಲೇಪಾಕ್ಷಿಯ ಸುತ್ತ ಇನ್ನೂ ಕತ್ತಲೆ ಉಳಿದಿರುವ ಹೊಲಗಳಿವೆ. ಫೆಬ್ರವರಿಯ ನಡುವೆ, ಚಂದ್ರನಿಲ್ಲದ ರಾತ್ರಿ ಏಳೂವರೆಗೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ. ನೆತ್ತಿಯ ಬಳಿ ಕೃತ್ತಿಕೆಯ ಗೊಂಚಲು ಇರುತ್ತದೆ, ಅವು ಸುಮಾರು 10 ಕೋಟಿ ವರ್ಷದ ಎಳೆಯ ನಕ್ಷತ್ರಗಳು. ಅದರ ಪಕ್ಕದ ಕೆಂಪು ಚುಕ್ಕಿ ರೋಹಿಣಿ. ಅಲ್ಲಿಂದ ಆಗ್ನೇಯಕ್ಕೆ ಇಳಿದರೆ ಸಾಲಾಗಿ ಮೂರು ಚುಕ್ಕಿ, ಮಹಾವ್ಯಾಧನ ನಡುಕಟ್ಟು. ಅದರ ಕೆಳಗೆ ಮಸುಕಾಗಿ ಕಾಣುವ ಹತ್ತಿಯ ಎಳೆಯಂಥದ್ದು ನೀಹಾರಿಕೆ, ಅದರೊಳಗೆ ಈಗಲೂ ನಕ್ಷತ್ರಗಳು ಹುಟ್ಟುತ್ತಿವೆ. ನಡುಕಟ್ಟಿನ ಇನ್ನೊಂದು ಬದಿಯ ಕೆಂಡದ ಬಣ್ಣದ್ದೇ ಆರಿದ್ರೆ. ಒಂಬತ್ತರ ಹೊತ್ತಿಗೆ ದಕ್ಷಿಣದಲ್ಲಿ ತಗ್ಗಿನಲ್ಲಿ ಅಗಸ್ತ್ಯ ಇರುತ್ತದೆ. ಸ್ವಾತಿಯನ್ನೂ ನೋಡಬೇಕೆಂದರೆ ಹನ್ನೊಂದರವರೆಗೆ ಕಾಯಬೇಕು, ಅದು ಪೂರ್ವದಲ್ಲಿ ಹುಟ್ಟುತ್ತದೆ. ಟಾರ್ಚ್ ಆರಿಸಿ ಹತ್ತು ನಿಮಿಷ ಸುಮ್ಮನಿದ್ದರೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ಫೋನನ್ನು ಮನೆಯಲ್ಲೇ ಬಿಟ್ಟು ಹೋಗಿ.